ಅಜ್ಜಿ ರೊಟ್ಟಿ ಬಡಿಯುವ ಫೋಟೋ ನೋಡಿದೆ, ಮಗಳೇ

ಕೊಪ್ಪಳ
ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

ನೀನು ಕಳಿಸಿದ 42 ಫೋಟೋ ನೋಡಿದೆ. ಸ್ಟುಡಿಯೋದ ಕಂಪ್ಯೂಟರಿಗೆ ಹಾಕಿ, ಒಂದೊಂದನ್ನೂ ದೊಡ್ಡದು ಮಾಡಿ ನೋಡಿದೆ. ಮೊನ್ನೆ ಫೋನಿನಲ್ಲಿ ನೀನು ಅಳುತ್ತಿದ್ದಾಗ ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕ್ಲಾಸಿನಲ್ಲಿ ಎಲ್ಲರ ಹತ್ತಿರ ಲಕ್ಷ ರೂಪಾಯಿ ಕ್ಯಾಮೆರಾ ಇದೆ, ನನ್ನದು ಹಳೇದು, ಮೇಷ್ಟ್ರು ನನ್ನ ಫೋಟೋಗಳಿಗೆ ಕಡಿಮೆ ಮಾರ್ಕ್ಸ್ ಕೊಟ್ಟರು, ಈ ಫೋಟೋಗ್ರಫಿ ಪೇಪರ್ ಬಿಟ್ಟು ಬೇರೆ ತಗೋತೀನಿ ಅಂದೆಯಲ್ಲ. ಬೇಡ ಯವ್ವಾ, ಬಿಡಬೇಡ.

ನಾನು ಹೀಗೆ ಹೇಳುವುದಕ್ಕೆ ಕಾರಣ 17ನೇ ಫೋಟೋ. ಅಜ್ಜಿ ರೊಟ್ಟಿ ಬಡಿಯುತ್ತಿರುವುದು. ಕಿಟಕಿಯ ಬೆಳಕು ಎಡಗಡೆಯಿಂದ ಬಂದು ಅವಳ ಕೈ ಮೇಲೆ ಬಿದ್ದಿದೆ. ಎದ್ದ ಹಿಟ್ಟಿನ ಧೂಳು ಆ ಬೆಳಕಿನಲ್ಲಿ ನಿಂತ ಹಾಗೆ ಕಾಣುತ್ತದೆ. ಹಸಿರು ಗಾಜಿನ ಬಳೆ ಮೊಣಕೈ ಕಡೆಗೆ ಸರಿದಿವೆ. ಮುಖ ಅರ್ಧ ನೆರಳಿನಲ್ಲಿದೆ. ಕ್ಯಾಮೆರಾದ ಲೆಕ್ಕ ನೋಡಿದರೆ ಬೆಳಕು ಒಳಗೆ ಬಂದದ್ದು 1/60 ಸೆಕೆಂಡು. ಹಾಗಾಗಿ ಅಂಗೈ ಸ್ವಲ್ಪ ಅಲುಗಿದೆ. ಅದು ತಪ್ಪು ಅಂದುಕೊಳ್ಳಬೇಡ, ಅದರಿಂದಲೇ ಬಡಿತ ಕೇಳಿಸುತ್ತದೆ. ಅಲ್ಲೇ ನಿಲ್ಲು ಅಂತ ನಿನಗೆ ಯಾರೂ ಹೇಳಿರಲಿಲ್ಲ. ನಿನಗೆ ತಾನಾಗಿ ಹೊಳೆದದ್ದು. ಇಷ್ಟು ವರ್ಷ ಮದುವೆ ಫೋಟೋ ತೆಗೆದಿದ್ದೇನೆ, ಇಂಥದ್ದೊಂದು ನನ್ನ ಹತ್ತಿರ ಇಲ್ಲ.

ಆದರೂ ಎರಡು ಮಾತು ಹೇಳಬೇಕು. ಬಲಮೂಲೆಯಲ್ಲಿ ಸ್ಟೀಲ್ ತಂಬಿಗೆ ಪಳಪಳ ಹೊಳೆಯುತ್ತಿದೆ. ಫೋಟೋದಲ್ಲಿ ಎಲ್ಲಿ ಜಾಸ್ತಿ ಬೆಳ್ಳಗಿದೆಯೋ ಕಣ್ಣು ಮೊದಲು ಅಲ್ಲಿಗೆ ಓಡುತ್ತದೆ. ಅಜ್ಜಿಯ ಕೈ ನೋಡಬೇಕಾದವರು ತಂಬಿಗೆ ನೋಡುತ್ತಾರೆ. ಇನ್ನು ಅವಳ ತಲೆಯ ಹಿಂದೆಯೇ ಕ್ಯಾಲೆಂಡರ್ ನೇತಾಡುತ್ತಿದೆ. ಒಂದು ಹೆಜ್ಜೆ ಮುಂದೆ ಹೋಗಿದ್ದರೆ ತಂಬಿಗೆ ಹೋಗುತ್ತಿತ್ತು, ತುಸು ಪಕ್ಕಕ್ಕೆ ಸರಿದಿದ್ದರೆ ಕ್ಯಾಲೆಂಡರ್ ಹೋಗುತ್ತಿತ್ತು. ಗದ್ದೆಗೆ ನೀರು ಬಿಟ್ಟವರು ಬದು ಸುತ್ತಿ ಬರುತ್ತಾರಲ್ಲ, ಎಲ್ಲಾದರೂ ಒಡೆದಿದೆಯಾ ಅಂತ. ಬಟನ್ ಒತ್ತುವ ಮೊದಲು ಚೌಕಟ್ಟಿನ ನಾಲ್ಕೂ ಅಂಚಿಗೆ ಕಣ್ಣು ಹಾಗೆ ಒಂದು ಸುತ್ತು ಹೋಗಿ ಬರಲಿ.

ಮೂರು ಭಾಗದ ಸೂತ್ರ ಕಲಿಸಿದ್ದಾರೆ ಅಂದೆ. ಅಡ್ಡ ಎರಡು ಗೆರೆ, ಉದ್ದ ಎರಡು ಗೆರೆ, ಅವು ಕೂಡುವ ಕಡೆ ಮುಖ್ಯವಾದದ್ದನ್ನು ಇಡು ಅಂತ. ಒಳ್ಳೆಯದೇ. ಅಜ್ಜಿಯ ಕೈ ಸರಿಯಾಗಿ ಅಂಥ ಜಾಗದಲ್ಲೇ ಬಂದಿದೆ. ಆದರೆ ಇಟಗಿ ಗುಡಿಯ ಬಾಗಿಲನ್ನೂ ಹಾಗೇ ಒಂದು ಪಕ್ಕಕ್ಕೆ ತಳ್ಳಿದ್ದೀಯ. ಎಡಬಲ ಎರಡೂ ಒಂದೇ ಸಮ ಕೆತ್ತಿದ ಬಾಗಿಲು ಅದು. ಅದನ್ನು ನಟ್ಟನಡುವೆ ಇಡು, ಯಾರೂ ಬೇಡ ಅನ್ನುವುದಿಲ್ಲ.

ಇಟಗಿಗೆ ನೀವು ಹೋದದ್ದು ಮಧ್ಯಾಹ್ನ 12ಕ್ಕೆ. ನನಗೆ ಬೇಜಾರಾದದ್ದು ಅದೊಂದೇ. 1112ರಲ್ಲಿ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ. ಶಾಸನದಲ್ಲೇ ಅದನ್ನು ದೇವಾಲಯ ಚಕ್ರವರ್ತಿ ಅಂತ ಕರೆದಿದ್ದಾರೆ. ಅಷ್ಟು ಆಳವಾಗಿ ಕೊರೆದ ಕಲ್ಲು ನಿನ್ನ ಫೋಟೋದಲ್ಲಿ ಮುಚ್ಚಿಹೋಗಿದೆ. ಸೂರ್ಯ ನೆತ್ತಿ ಮೇಲಿದ್ದಾಗ ಮೇಲಿನ ಚಾಚಿನ ನೆರಳು ಗೋಡೆ ಮೇಲೆ ಕಪ್ಪಗೆ ಬೀಳುತ್ತದೆ, ಬಿಸಿಲು ಬಿದ್ದ ಕಡೆ ಎಲ್ಲ ಬೆಳ್ಳಗಾಗುತ್ತದೆ. ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಚಳಿಗಾಲದಲ್ಲಿ ಸೂರ್ಯ ತುಸು ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಆಗ ಬೆಳಿಗ್ಗೆ ದಕ್ಷಿಣದ ಗೋಡೆಗೆ ಬಿಸಿಲು ಓರೆಯಾಗಿ ತಾಗುತ್ತದೆ. ಕೆತ್ತನೆಯ ಒಂದೊಂದು ಅಂಚಿಗೂ ಪುಟ್ಟ ನೆರಳು ಬರುತ್ತದೆ. ಆ ನೆರಳೇ ಇಲ್ಲದಿದ್ದರೆ ಕೆತ್ತನೆ ಎಲ್ಲಿ ಕಾಣಬೇಕು?

ಕಂಬಗಳು ಯಾಕೆ ಮಾಸಲು ಬೂದಿ ಬಣ್ಣ ಬಂದವು, ಅಜ್ಜನ ಬಿಳಿ ಧೋತರ ಯಾಕೆ ಒಗೆಯದ ಹಾಗೆ ಬಂತು ಅಂತ ಕೇಳಿದ್ದೆ. ಎರಡಕ್ಕೂ ಕಾರಣ ಒಂದೇ. ಕ್ಯಾಮೆರಾಕ್ಕೆ ಎದುರಿಗೆ ಇರುವುದು ಕಲ್ಲೋ ಧೋತರವೋ ಗೊತ್ತಾಗುವುದಿಲ್ಲ. ಎಲ್ಲವೂ ಮಧ್ಯಮ ಬೂದಿ ಬಣ್ಣ ಅಂದುಕೊಂಡು ಬೆಳಕು ಅಳೆಯುತ್ತದೆ. ಕಪ್ಪು ಕಂಬ ಕಂಡರೆ ಬೆಳಕು ಹೆಚ್ಚಿಸಿ ಬೂದಿ ಮಾಡುತ್ತದೆ. ಬಿಳಿ ಧೋತರ ಕಂಡರೆ ಇಳಿಸಿ ಬೂದಿ ಮಾಡುತ್ತದೆ. ಪ್ಲಸ್ ಮೈನಸ್ ಗುರುತಿನ ಬಟನ್ ಇದೆಯಲ್ಲ, ಚೌಕಟ್ಟಿನ ತುಂಬ ಬಿಳಿ ಇದ್ದರೆ ಪ್ಲಸ್ 1ಕ್ಕೆ, ಕಪ್ಪು ಇದ್ದರೆ ಮೈನಸ್ 1ಕ್ಕೆ ಇಟ್ಟು ನೋಡು. ತೆಗೆದ ಮೇಲೆ ಪರದೆಯಲ್ಲಿ ನೋಡಿ ಹೆಚ್ಚುಕಡಿಮೆ ಮಾಡಿಕೋ.

ಎಫ್ ನಂಬರ್ ತಲೆಗೆ ಹತ್ತುತ್ತಿಲ್ಲ ಅಂದೆ. ಮುನಿರಾಬಾದಿನ ಡ್ಯಾಂ ನೆನಪು ಮಾಡಿಕೋ, ಮಳೆಗಾಲದಲ್ಲಿ ಕರೆದುಕೊಂಡು ಹೋಗಿದ್ದೆನಲ್ಲ. ಗೇಟು ಜಾಸ್ತಿ ಎತ್ತಿ ಬೇಗ ಇಳಿಸಿದರೂ ಒಂದೇ, ಸ್ವಲ್ಪವೇ ಎತ್ತಿ ಬಹಳ ಹೊತ್ತು ಬಿಟ್ಟರೂ ಒಂದೇ, ಹರಿಯುವ ನೀರು ಅಷ್ಟೇ ಆಗುವಂತೆ ಮಾಡಬಹುದು. ನೀರಿನ ಬದಲು ಬೆಳಕು ಅಂದುಕೋ. ಎಫ್ ಅಂದರೆ ಲೆನ್ಸಿನ ಗೇಟು ಎಷ್ಟು ತೆರೆದಿದೆ ಅಂತ, ಶಟರ್ ಅಂದರೆ ಎಷ್ಟು ಹೊತ್ತು ಅಂತ. ನಂಬರ್ ದೊಡ್ಡದಾದಷ್ಟು ಗೇಟು ಚಿಕ್ಕದು, ಇದೊಂದು ಉಲ್ಟಾ. 8, 11, 16 ಅಂತ ಒಂದೊಂದು ಮೆಟ್ಟಿಲು ಹೋದ ಹಾಗೆ ಬೆಳಕು ಅರ್ಧ ಆಗುತ್ತದೆ. ನಮ್ಮ ಕಾಲದಲ್ಲಿ ಸುಡುಬಿಸಿಲಿಗೆ, 100 ವೇಗದ ಫಿಲ್ಮ್ ರೋಲಿಗೆ, ಎಫ್ 16 ಮತ್ತು 1/125 ಅಂತ ಕಣ್ಣುಮುಚ್ಚಿ ಇಡುತ್ತಿದ್ದೆವು. ಎಫ್ 8 ಮತ್ತು 1/500 ಇಟ್ಟರೂ ಅದೇ ಬೆಳಕು. ನೀನಿರುವ ಬಳ್ಳಾರಿಯ ಬಿಸಿಲಲ್ಲಿ ನೀನೇ ಮಾಡಿ ನೋಡು.

ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ. ನಾನು ಒಬ್ಬನೇ ಹೋಗಿ ತೆಗೆದ ಮೊದಲ ಮದುವೆಯಲ್ಲಿ ಫಿಲ್ಮ್ ರೋಲಿನ ತುದಿಯ ನಾಲಿಗೆ ಕ್ಯಾಮೆರಾದೊಳಗಿನ ಹಲ್ಲಿಗೆ ಸಿಕ್ಕಿರಲಿಲ್ಲ. ಅವಸರದಲ್ಲಿ ಮುಚ್ಚಳ ಹಾಕಿಬಿಟ್ಟಿದ್ದೆ. ಅಕ್ಕಿಕಾಳು ಬೀಳುವ ಹೊತ್ತು, ತಾಳಿ ಕಟ್ಟುವ ಹೊತ್ತು, ಎಲ್ಲ ತೆಗೆದೆ. ರೋಲಿನ 36 ಆಯಿತು, 37, 38 ಆಯಿತು, ರೋಲು ಮುಗಿಯಲೇ ಇಲ್ಲ. ಆಗ ಕೈಕಾಲು ತಣ್ಣಗಾದವು. ಒಂದು ಫೋಟೋನೂ ಇಲ್ಲ. ಹುಡುಗಿಯ ಅಪ್ಪನಿಗೆ ಹೋಗಿ ಹೇಳಿದೆ. ಅವರು ಬಹಳ ಹೊತ್ತು ಸುಮ್ನೆ ನಿಂತು, ಉಂಡು ಹೋಗು ತಮ್ಮ ಅಂದರು. ಆ ರಾತ್ರಿ ಕ್ಯಾಮೆರಾ ಮಾರಿಬಿಡೋಣ ಅಂತ ನಿಮ್ಮ ಅಜ್ಜಿಗೆ ಹೇಳಿದ್ದೆ. ಅಜ್ಜಿ ಬೇಡ ಅಂದಳು. ಮುಂದೆ ಪ್ರತಿ ಸಲ ರೋಲು ಹಾಕಿದಾಗ, ರೋಲು ಸರಿದು ಎಡಗಡೆಯ ಗುಂಡಿ ತಿರುಗುತ್ತಿದೆಯಾ ಅಂತ ನೋಡಿಯೇ ಶುರು ಮಾಡುತ್ತಿದ್ದೆ.

ಹೊಸ ಲೆನ್ಸ್ ಕೊಡಿಸುತ್ತೇನೆ, ಈಗಲ್ಲ. ಇರುವ 18-55 ಜೂಮ್ ಲೆನ್ಸನ್ನು 35ಕ್ಕೆ ಇಟ್ಟು ಒಂದು ವಾರ ತಿರುಗಿಸಬೇಡ, ಬೇಕಾದರೆ ಟೇಪ್ ಅಂಟಿಸು. ಹತ್ತಿರ ಬೇಕು ಅನಿಸಿದರೆ ನಡೆದು ಹೋಗು. ಬಳ್ಳಾರಿ ಗುಡ್ಡವನ್ನು ಒಂದೇ ಜಾಗದಲ್ಲಿ ನಿಂತು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತೆಗೆದು ನನಗೆ ಕಳಿಸು.

ಮುಂದಿನ ಶನಿವಾರ ಸಂಜೆಯೇ ಬಂದುಬಿಡು. ಭಾನುವಾರ ನಸುಕಿನಲ್ಲಿ ಇಬ್ಬರೂ ಗಾಡಿ ಮೇಲೆ ಇಟಗಿಗೆ ಹೋಗೋಣ. ಸ್ವೆಟರ್ ತಾ, ಬ್ಯಾಟರಿ ಚಾರ್ಜ್ ಮಾಡಿಕೊಂಡು ಬಾ. 17ನೇ ಫೋಟೋ ಪ್ರಿಂಟ್ ಹಾಕಿ ಸ್ಟುಡಿಯೋದ ಗೋಡೆಗೆ ಹಚ್ಚಿದ್ದೇನೆ. ಅಜ್ಜಿ ಬಂದು ನೋಡಿ, ನನಗೂ ಒಂದು ಬೇಕು ಅಂದಳು.

ನಿನ್ನ
ಅಪ್ಪ