ಡ್ರೋನ್ ಸ್ಟೇಷನ್ ಕೊಳ್ಳುವ ಮುಂಚೆ ಆಷಾಢದ ಮಳೆಯಲ್ಲಿ ಹಾರಿಸಿ ನೋಡಿ

ಮಾನ್ಯ ಸಂಪಾದಕರೇ,

ಆನೆ ಎಲ್ಲಿದೆ ಅಂತ ನೋಡಲು ತಾನಾಗಿಯೇ ಹಾರಿ ಬರುವ ಡ್ರೋನ್ ಸ್ಟೇಷನ್ ಹಾಕಿಸಬೇಕು ಎಂಬ ಮಾತು ನಮ್ಮ ಸಕಲೇಶಪುರದ ಕಡೆ ಬೆಳೆಗಾರರ ನಡುವೆ ನಡೆದಿದೆ. ಅಕ್ಕಪಕ್ಕದ ತೋಟದವರು ಸೇರಿ ಒಂದಿಷ್ಟು ದುಡ್ಡು ಹಾಕುವುದು, ಉಳಿದದ್ದಕ್ಕೆ ಸರ್ಕಾರದ ನೆರವು ಕೇಳುವುದು ಅಂತ ಯೋಚನೆ. ನನಗೂ ಇದು ಒಪ್ಪಿಗೆ. ಆದರೆ ಎಷ್ಟು ದೂರ ಹಾರುತ್ತೆ, ಕ್ಯಾಮೆರಾ ಎಷ್ಟು ಚೆನ್ನಾಗಿದೆ ಎಂಬುದನ್ನು ಬಿಟ್ಟು ಬೇರೇನನ್ನೂ ಯಾರೂ ಕೇಳುತ್ತಿಲ್ಲ. ನಾನು ಕರೆಂಟ್ ಲೈನ್ ಕೆಲಸದಲ್ಲಿದ್ದು ನಿವೃತ್ತನಾದವನು. ಈಗ ಹೆತ್ತೂರು ಹೋಬಳಿಯಲ್ಲಿ ಸ್ವಲ್ಪ ಕಾಫಿ, ಮೆಣಸು ನೋಡಿಕೊಂಡಿದ್ದೇನೆ. ಅದಕ್ಕೇ ಈ ಪತ್ರ.

ಈ ಸ್ಟೇಷನ್ ಅಂದರೆ ಮುಚ್ಚಳ ಇರುವ ದೊಡ್ಡ ಪೆಟ್ಟಿಗೆ. ಒಳಗೆ ಡ್ರೋನ್ ಇರುತ್ತದೆ. ಹೊತ್ತಿಗೆ ಸರಿಯಾಗಿ ಮುಚ್ಚಳ ತೆರೆದು, ಡ್ರೋನ್ ಹಾರಿ, ಮೈ ಬಿಸಿ ಗುರುತಿಸುವ ಥರ್ಮಲ್ ಕ್ಯಾಮೆರಾದಲ್ಲಿ ತೋಟ ನೋಡಿಕೊಂಡು, ವಾಪಸ್ ಬಂದು ಅದೇ ಪೆಟ್ಟಿಗೆಯಲ್ಲಿ ಕೂತು ಚಾರ್ಜ್ ಆಗುತ್ತದೆ. ನಡೆಸುವವರು ಹಾಸನದಲ್ಲಿ ಕೂತಿದ್ದರೂ ಆಗುತ್ತದೆ. ನಮಗೆ ಇದರ ಅಗತ್ಯ ಇರುವುದು ಬೆಳಗ್ಗೆ, ಆಳುಗಳು ತೋಟಕ್ಕೆ ಇಳಿಯುವ ಮುಂಚೆ. 2014ರಲ್ಲಿ ಆಲೂರು, ಸಕಲೇಶಪುರ ಭಾಗದಿಂದ 22 ಆನೆ ಹಿಡಿದು ಸಾಗಿಸಿದರು. ಆಮೇಲೂ ಆನೆ ಬಂದೇ ಬಂದವು. 2023ರ ಡಿಸೆಂಬರ್ 4ರಂದು ದಸರಾ ಆನೆ ಅರ್ಜುನ ಸತ್ತದ್ದೂ ಕಾಡಾನೆ ಹಿಡಿಯಲು ಹೋಗಿ, ನಮ್ಮ ಯಸಳೂರಿನ ಕಾಡಿನಲ್ಲೇ. ಎಷ್ಟು ಆನೆ ಹಿಡಿದರೂ, ಇವತ್ತು ಬೆಳಗ್ಗೆ ಯಾವ ತೋಟದಲ್ಲಿ ಆನೆ ನಿಂತಿದೆ ಎಂಬುದು ಗೊತ್ತಿರಲೇಬೇಕು, ಅಲ್ವಾ?

ಕಳೆದ ಡಿಸೆಂಬರಿನಲ್ಲಿ ಮಾರುವವರೊಬ್ಬರು ಬಂದು ಒಂದು ಮೈದಾನದಲ್ಲಿ ಹಾರಿಸಿ ತೋರಿಸಿದರು. ಒಳ್ಳೆ ಬಿಸಿಲು, ಗಾಳಿ ಇಲ್ಲ. ಡ್ರೋನ್ ಹೋಗಿ ಬಂದು ಗುರುತಿನ ಮೇಲೇ ಕೂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ವಾಪಸ್ ಬರುವಾಗ ಮುಚ್ಚಳ ತೆರೆಯದಿದ್ದರೆ ಏನು ಮಾಡುತ್ತೆ ಅಂತ ನಾನು ಕೇಳಿದೆ. ಪಕ್ಕದಲ್ಲಿ ಬದಲಿ ಜಾಗ ಗುರುತಿಸಿರುತ್ತೇವೆ, ಅಲ್ಲಿ ಇಳಿಯುತ್ತೆ ಅಂದರು. ಸರಿಯಾದ ಉತ್ತರವೇ. ಆದರೆ ನಮ್ಮ ತೋಟಗಳಲ್ಲಿ ಮರ ಇಲ್ಲದ ಸಮತಟ್ಟು ಜಾಗ ಅಂದರೆ ಕಾಫಿ ಕಣ ಒಂದೇ. ಕೊಯ್ಲಿನ ಕಾಲದಲ್ಲಿ ಕಣದ ತುಂಬ ಹಣ್ಣು ಹರಡಿರುತ್ತದೆ, ಅದನ್ನು ಕಾಲಾಡಿಸುತ್ತಾ ಹೆಂಗಸರು ಓಡಾಡುತ್ತಿರುತ್ತಾರೆ. ಅವರ ತಲೆ ಮೇಲೆ ಡ್ರೋನ್ ಇಳಿಸಲು ಆಗುತ್ತದೆಯೇ? ಈ ಜಾಗದ ಪ್ರಶ್ನೆ ಮೊದಲೇ ತೀರ್ಮಾನ ಆಗಬೇಕು. ಪೆಟ್ಟಿಗೆ ಇಟ್ಟ ಮೇಲೆ ನೋಡಿಕೊಳ್ಳೋಣ ಅಂದರೆ ಆಗದು.

ಮಳೆಯ ವಿಷಯಕ್ಕೆ ಬರೋಣ. ಐಪಿ55 (ಧೂಳು, ನೀರನ್ನು ಎಷ್ಟು ತಡೆಯುತ್ತದೆ ಎಂಬುದರ ಗುರುತು) ಅಂತ ಬರೆದಿದ್ದರೆ ಸಾಕು, ಮಳೆಗೆ ಏನೂ ಆಗಲ್ಲ ಅಂತ ನಂಬಿಬಿಡುತ್ತಾರೆ. ಅದು ಹೆಚ್ಚಾಗಿ ಪೆಟ್ಟಿಗೆಯ ಲೆಕ್ಕ. ಹಾರುವ ಡ್ರೋನಿನದು ಬೇರೆ. ಉದಾಹರಣೆಗೆ ಚೀನಾದ ಡಿಜೆಐ 2024ರಲ್ಲಿ ತಂದ ಡಾಕ್ 2 ಎಂಬ ಸ್ಟೇಷನ್‌ನಲ್ಲಿ ಪೆಟ್ಟಿಗೆಗೆ ಐಪಿ55, ಡ್ರೋನಿಗೆ ಐಪಿ54. ಐಪಿ54 ಅಂದರೆ ನೀರು ಎರಚಿದರೆ ತಡೆಯುತ್ತದೆ ಅಂತ. ಜುಲೈನ ಜಡಿಮಳೆಯಲ್ಲಿ ಹಾರುತ್ತದೆ ಅಂತ ಅಲ್ಲ. ಯೂಟ್ಯೂಬಿನಲ್ಲಿ ಜನ ನೋಡುವುದು ಇಂಥದ್ದನ್ನೇ. ಆದರೆ 2022ರ ಫೆಬ್ರವರಿಯಿಂದ ವಿದೇಶಿ ಡ್ರೋನ್ ಆಮದು ಮಾಡಿಕೊಳ್ಳುವುದಕ್ಕೆ ನಮ್ಮ ದೇಶದಲ್ಲಿ ನಿಷೇಧ ಇದೆ. ಬಿಡಿಭಾಗ ತರಬಹುದು, ಡ್ರೋನ್ ತರುವಂತಿಲ್ಲ. ನಾವು ಇಲ್ಲೇ ತಯಾರಾದದ್ದನ್ನು ಆರಿಸಬೇಕು. ಹಾಗಾಗಿ ಪೆಟ್ಟಿಗೆಯದೂ ಡ್ರೋನಿನದೂ ಬೇರೆ ಬೇರೆ ಕೇಳಿ ಬರೆಸಿಕೊಳ್ಳಿ. ಎಷ್ಟು ಗಾಳಿಯವರೆಗೆ ಇಳಿಯಬಲ್ಲದು ಎಂಬುದನ್ನೂ ಕೇಳಿ. ಹಾರುವುದಕ್ಕಿಂತ ಇಳಿಯುವುದು ಕಷ್ಟ. ಹಲಸಿನ ಹಣ್ಣಿಗೆ ಆನೆ ಬರುವುದು ಮಳೆ ಶುರುವಾದ ಮೇಲೂ ಇರುತ್ತದೆ. ಆಗ ಡ್ರೋನ್ ಪೆಟ್ಟಿಗೆಯೊಳಗೇ ಕೂತರೆ ಏನು ಬಂತು?

ಕರೆಂಟಿನದು ನನಗೆ ಗೊತ್ತಿರುವ ವಿಷಯ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಂಥ ಪೆಟ್ಟಿಗೆಯೊಳಗೆ ಬ್ಯಾಟರಿ ಬ್ಯಾಕಪ್ ಇರುತ್ತದೆ, ನಾಲ್ಕೈದು ಗಂಟೆಯ ಮಟ್ಟದ್ದು. ಪೇಟೆಗೆ ಅದು ಸಾಕು. ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಕಂಬ ಹೊತ್ತು ತೋಟದೊಳಗೆ ನಡೆದೇ ಹೋಗಬೇಕು, ಎರಡು ಮೂರು ದಿನವೂ ಆಗುತ್ತದೆ. ಸೋಲಾರ್ ನಂಬೋಣ ಅಂದರೆ ಆಷಾಢ, ಶ್ರಾವಣದಲ್ಲಿ ಬಿಸಿಲು ಎಲ್ಲಿದೆ? ಜನರೇಟರ್ ಇರುವ ತೋಟವನ್ನೇ ಹುಡುಕಬೇಕು. ಇನ್ನು ಏಪ್ರಿಲ್, ಮೇ ತಿಂಗಳ ಸಿಡಿಲು. ಮನೆಯ ಅರ್ಥಿಂಗಿಗೇ ಒಂದು ತಂತಿ ಸಿಕ್ಕಿಸಿ ಕೈ ತೊಳೆದುಕೊಳ್ಳುತ್ತಾರೆ, ಅದು ಬೇಡ. ಇದಕ್ಕೇ ಪ್ರತ್ಯೇಕ ಅರ್ಥ್ ಗುಂಡಿ ತೆಗೆಸಿ, ಅಳತೆ ಮಾಡಿಸಿ. ಸಿಡಿಲಿನ ಹೆಚ್ಚುವರಿ ಕರೆಂಟ್ ತಡೆಯುವ ಸರ್ಜ್ ಪ್ರೊಟೆಕ್ಟರ್ ಕರೆಂಟ್ ವೈರಿಗೆ ಇದ್ದರೆ ಸಾಲದು, ಇಂಟರ್ನೆಟ್ ಕೇಬಲಿಗೂ ಬೇಕು. ಆ ಕೇಬಲಿನಿಂದ ಬಂದ ಸಿಡಿಲು ಒಳಗಿನ ಬೋರ್ಡ್ ಸುಟ್ಟರೆ ಮುಗಿಯಿತು, ಇಡೀ ಪೆಟ್ಟಿಗೆ ಸುಮ್ನೆ ಕೂರುತ್ತದೆ.

ಬ್ಯಾಟರಿ ತಾನೇ ಬದಲಿಸಿಕೊಳ್ಳುವ ಸ್ಟೇಷನ್‌ಗಳೂ ಇವೆ. ಇಳಿದ ಕೆಲವೇ ನಿಮಿಷದಲ್ಲಿ ಮತ್ತೆ ಹಾರಬಹುದು. ಆದರೆ ಒಳಗೆ ಓಡಾಡುವ ಭಾಗ ಜಾಸ್ತಿ. ಧೂಳು, ಎಲೆ, ಇರುವೆ, ಕಣಜ ತುಂಬುವ ನಮ್ಮ ಜಾಗಕ್ಕೆ ಚಾರ್ಜ್ ಆಗುವ ಸರಳ ಪೆಟ್ಟಿಗೆಯೇ ವಾಸಿ ಎಂಬುದು ನನ್ನ ಅಭಿಪ್ರಾಯ. ಅರ್ಧ ಗಂಟೆ ಕಾದರೆ ನಷ್ಟವಿಲ್ಲ.

ಹತ್ತು ಕಿಲೋಮೀಟರ್ ಹೋಗುತ್ತದೆ ಎಂಬ ಮಾತನ್ನು ಬಯಲಿನಲ್ಲಿ ಮಾತ್ರ ನಂಬಬೇಕು. ನಡುವೆ ಗುಡ್ಡ ಬಂದರೆ ಸಿಗ್ನಲ್ ಹೋಗುತ್ತದೆ. ಥರ್ಮಲ್ ಕ್ಯಾಮೆರಾ ಕೂಡ ದಟ್ಟ ಎಲೆಯ ಆಚೆಗೆ ನೋಡಲಾರದು. ಎಲೆಗಳ ಸಂದಿಯಲ್ಲಿ ಬಿಸಿ ಮೈ ಕಂಡರೆ ಉಂಟು. ಬಿಸಿಲು ಏರಿದ ಮೇಲೆ ಬಂಡೆ, ನೆಲ ಎಲ್ಲವೂ ಬಿಸಿ, ಆನೆ ಯಾವುದು ಅಂತ ಗುರುತಿಸುವುದು ಕಷ್ಟ. ಆನೆ ಕಾಣಲಿಲ್ಲ ಎಂದರೆ ಆನೆ ಇಲ್ಲ ಎಂದು ಅರ್ಥವಲ್ಲ. ಇದನ್ನು ತೋಟದ ಲೆಕ್ಕ ನೋಡುವ ರೈಟರಿಗೂ ಮೇಸ್ತ್ರಿಗೂ ಬಿಡಿಸಿ ಹೇಳಿರಬೇಕು. ಇಲ್ಲದಿದ್ದರೆ ಡ್ರೋನ್ ನಂಬಿ ಆಳನ್ನು ಇಳಿಸಿ ಜೀವ ಹೋಗುತ್ತದೆ.

ಕಣ್ಣಿಗೆ ಕಾಣದಷ್ಟು ದೂರ ಹಾರಿಸಲು ವಿಶೇಷ ಅನುಮತಿ ಬೇಕು. 2021ರ ಡ್ರೋನ್ ನಿಯಮದಂತೆ ನೋಂದಣಿ, ಪೈಲಟ್ ಸರ್ಟಿಫಿಕೇಟ್ ಎಲ್ಲ ಇದೆ. ಹಾರಿಸಲು ಮುಕ್ತವಾಗಿರುವ ಹಸಿರು ವಲಯದಲ್ಲೂ 400 ಅಡಿ ಎತ್ತರದ ಮಿತಿ. ಅನುಮತಿ ತರುವ ಹೊಣೆ ಯಾರದು ಎಂಬುದನ್ನು ಮಾರುವವರು ಬರೆದುಕೊಡಲಿ.

ಆಳಿಲ್ಲದೆ ನಡೆಯುತ್ತದೆ ಅಂತ ಹೇಳುತ್ತಾರಲ್ಲ, ಅದು ಪೂರ್ತಿ ನಿಜವಲ್ಲ. ಹಾಸನದ ಇಸ್ರೋ ಕೇಂದ್ರದಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ದಶಕಗಳಿಂದ ನಡೆಸುತ್ತಿದ್ದಾರೆ. ಅಲ್ಲೂ ಹಗಲು ರಾತ್ರಿ ಪಾಳಿ ಮೇಲೆ ಜನ ಇರುತ್ತಾರೆ. ಚಿತ್ರ ನೋಡಿ, ಇದು ಆನೆ, ಇಂಥ ತೋಟ ಅಂತ ಫೋನ್ ಮಾಡುವವರು ನಮಗೂ ಬೇಕು. ಅವರ ಸಂಬಳವನ್ನೂ ಲೆಕ್ಕಕ್ಕೆ ಸೇರಿಸಿ. ಆ ಕ್ಯಾಮೆರಾಗೆ ಆನೆ ಮಾತ್ರ ಕಾಣುವುದಿಲ್ಲ. ಕೂಲಿಯವರ ಲೈನ್ ಮನೆಗಳೂ ಕಾಣುತ್ತವೆ, ಹಿತ್ತಲಲ್ಲಿ ಸ್ನಾನ ಮಾಡುವ ಹೆಣ್ಣುಮಕ್ಕಳೂ ಕಾಣುತ್ತಾರೆ. ಲೈನ್ ಮನೆಗಳ ಮೇಲೆ ಹಾರಿಸಬಾರದು, ವಿಡಿಯೊ ಯಾರ ಕೈಗೂ ಹೋಗಬಾರದು ಎಂಬ ಕರಾರು ಮೊದಲೇ ಆಗಬೇಕು. ಕೂಲಿಯವರನ್ನು ಕೂರಿಸಿಕೊಂಡು ಅವರ ಮಾತನ್ನೂ ಕೇಳಬೇಕು.

ಜಿಲ್ಲಾಡಳಿತಕ್ಕೂ ಅರಣ್ಯ ಇಲಾಖೆಗೂ ನನ್ನ ಮನವಿ ಇಷ್ಟು. ಸರ್ಕಾರದ ದುಡ್ಡು ಕೊಡುವ ಮುಂಚೆ, ಮಾರಲು ಬಂದವರೆಲ್ಲರ ಸ್ಟೇಷನ್ ಅನ್ನೂ ಜೂನ್‌ನಿಂದ ಆಗಸ್ಟ್‌ವರೆಗೆ ಹೆತ್ತೂರು ಅಥವಾ ಹಾನುಬಾಳು ಕಡೆಯ ತೋಟದಲ್ಲಿ ಇಡಿಸಿ. ಎಷ್ಟು ದಿನ ಹಾರಿತು, ಎಷ್ಟು ದಿನ ಹಾರಲಿಲ್ಲ, ಕೆಟ್ಟಾಗ ರಿಪೇರಿಗೆ ಜನ ಎಷ್ಟು ದಿನಕ್ಕೆ ಬಂದರು ಎಂಬುದನ್ನು ಬರೆದಿಟ್ಟು ಬೆಳೆಗಾರರ ಮುಂದೆ ಇಡಿ. ಅದನ್ನು ನೋಡಿ ನಾವೂ ನಮ್ಮ ಪಾಲಿನ ಹಣ ಕಟ್ಟುತ್ತೇವೆ.

– ಒಬ್ಬ ಕಾಫಿ ಬೆಳೆಗಾರ, ಹೆತ್ತೂರು ಹೋಬಳಿ, ಸಕಲೇಶಪುರ ತಾಲ್ಲೂಕು