ತಡ ಮಾಡಿದವರು ನಾವಲ್ಲ

ಮಾನ್ಯರೇ,

ಬಾಣಂತಿ ಸಾವಿನ ಬಗ್ಗೆ ಗುರುವಾರದ ವರದಿ ಓದಿದೆ. ‘ಮನೆಯವರು ತಡವಾಗಿ ಕರೆತಂದರು’ ಎಂದು ಆಸ್ಪತ್ರೆಯವರು ಹೇಳಿಕೆ ಕೊಟ್ಟಿದ್ದಾರೆ. ಮೈ ಉರಿದುಹೋಯಿತು. ಆ ಹುಡುಗಿಯ ಮನೆಯಲ್ಲಿ ಏನಾಯಿತೋ ನಾನು ಕಾಣೆ. ಆದರೆ ಎರಡು ತಿಂಗಳ ಹಿಂದೆ ಇದೇ ಕಾಯಿಲೆಗೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದಕ್ಕೆ, ಅದೇ ಒಪಿಡಿಗೆ ನನ್ನ ಮಗಳನ್ನು ಕರೆದೊಯ್ದವಳು ನಾನು. ಬಾವು ಕಂಡ ಮರುದಿನ ಬೆಳಿಗ್ಗೆಯೇ ಹೋಗಿದ್ದೆ.

ಸಿಸೇರಿಯನ್ ಆದ ಹನ್ನೊಂದನೇ ದಿನ ಎಡಗಾಲು ತೊಡೆಯಿಂದ ಪಾದದವರೆಗೆ ಊದಿಕೊಂಡಿತು. ಮುಟ್ಟಿದರೆ ಬಿಸಿ. ಬಲಗಾಲಿಗೆ ಏನೂ ಆಗಿರಲಿಲ್ಲ. ಹಸುಗೂಸನ್ನು ಎತ್ತಿಕೊಂಡು ಚೀಟಿಗೊಂದು ಸಾಲು, ಡಾಕ್ಟರಿಗೊಂದು ಸಾಲು, ಎಂಟು ಗಂಟೆಗೆ ಹೋದವರು ಹನ್ನೆರಡಕ್ಕೆ ಒಳಗೆ ಹೋದೆವು. ಸೀರೆ ಸರಿಸಿ ಎರಡೂ ಕಾಲನ್ನು ನೋಡಲಿಲ್ಲ. ‘ಬಾಣಂತಿಗೆ ಕಾಲು ಬಾವು ಬರುತ್ತೆ ಕಣಮ್ಮ, ದಿಂಬಿನ ಮೇಲಿಡಿ’ ಎಂದು ನೋವಿನ ಮಾತ್ರೆ ಬರೆದರು. ಶುಕ್ರವಾರ ಮತ್ತೆ ಹೋದೆವು. ಆಗ ಕಾಲಿನ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಬರೆದರು. ಸ್ಕ್ಯಾನ್ ಕೋಣೆಗೆ ಬೀಗ! ಡಾಕ್ಟರು ಡೆಪ್ಯುಟೇಶನ್ ಮೇಲೆ ಹೋಗಿದ್ದಾರೆ, ಸೋಮವಾರ ಬನ್ನಿ ಎಂದರು. ಶನಿವಾರ ರಾತ್ರಿ ಮಗಳಿಗೆ ಉಸಿರೇ ಸಿಗದಂತಾಯಿತು. 108 ಬರುವುದಕ್ಕೆ ಒಂದು ಗಂಟೆ ಮೇಲಾಯಿತು. ಕಾಲಿನ ಹೆಪ್ಪು ಕಿತ್ತುಹೋಗಿ ಎರಡೂ ಶ್ವಾಸಕೋಶದಲ್ಲಿ ಕೂತಿದೆ ಎಂದು ಸಿಟಿ ಮಾಡಿದ ಮೇಲೆ ಗೊತ್ತಾಯಿತು. ಐದು ದಿನ ಐಸಿಯು. ಕೂಸು ಹೊರಗೆ ನನ್ನ ಮಡಿಲಲ್ಲಿ.

ಐಸಿಯುವಿನ ಡಾಕ್ಟರು ಬಿಡಿಸಿ ಹೇಳಿದರು. ಹೆರಿಗೆಯಾದ ಆರು ವಾರ ಈ ಅಪಾಯ ಹೆಚ್ಚು, ಸಿಸೇರಿಯನ್ ಆದವರಿಗೆ ಇನ್ನೂ ಹೆಚ್ಚು, ಬರುವುದು ಹೆಚ್ಚಾಗಿ ಎಡಗಾಲಿಗೇ. ಹೆಪ್ಪು ಇದೆಯೇ ಎಂದು ನೋಡುವ ಡಿ-ಡೈಮರ್ ಎಂಬ ರಕ್ತಪರೀಕ್ಷೆಯ ಅಂಕಿ ಬಾಣಂತಿಯರಲ್ಲಿ ಹೇಗೂ ಏರಿರುವುದರಿಂದ ಡಾಪ್ಲರೇ ಆಗಬೇಕಂತೆ. ಇದೇನು ಹೊಸ ವಿದ್ಯೆಯೂ ಅಲ್ಲ. 1960ರಲ್ಲೇ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹೀಗೆ ಶ್ವಾಸಕೋಶಕ್ಕೆ ಹೆಪ್ಪು ಹೋದವರ ಮೇಲೆ ಪರೀಕ್ಷೆ ನಡೆದಿತ್ತು. ಔಷಧಿ ಕೊಡದ 19 ಜನರಲ್ಲಿ 5 ಮಂದಿ ಆ ಹೆಪ್ಪಿನಿಂದಲೇ ಸತ್ತರು, ಹೆಪ್ಪು ಬೆಳೆಯದಂತೆ ತಡೆಯುವ ಹೆಪರಿನ್ ಕೊಟ್ಟು ಚಿಕಿತ್ಸೆ ಮಾಡಿದ 16 ಜನರಲ್ಲಿ ಒಬ್ಬರೂ ಅದರಿಂದ ಸಾಯಲಿಲ್ಲ. ನನ್ನ ಮಗ ಓದಿ ತೋರಿಸಿದ. ನಾನು ಹುಟ್ಟುವ ಮೊದಲೇ ಗೊತ್ತಿದ್ದ ವಿಷಯಕ್ಕೆ ನನ್ನ ಮಗಳು ಸೋಮವಾರದವರೆಗೆ ಕಾಯಬೇಕಿತ್ತೇ?

ಬಾಣಂತಿಗೆ ನೀರು ಕಮ್ಮಿ ಕೊಡಬೇಕು ಎಂದು ನಮ್ಮತ್ತೆ ನನಗೆ ಮಾಡಿದ್ದನ್ನೇ ನಾನು ಮಗಳಿಗೆ ಮಾಡಿದೆ. ಅದರಿಂದಲೂ ಹೆಪ್ಪುಗಟ್ಟುವುದು ಹೆಚ್ಚುತ್ತದೆ ಎಂದು ಡಿಸ್ಚಾರ್ಜ್ ದಿನ ಒಬ್ಬರಾದರೂ ಹೇಳಿದ್ದರೆ ಕೊಡ ಕೊಡ ಕುಡಿಸುತ್ತಿದ್ದೆ. ಹೀಗೆಯೇ ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಬಾಣಂತಿಯರನ್ನು ನಿಮ್ಹಾನ್ಸ್‌ನವರು ದಶಕಗಳಿಂದ ನೋಡುತ್ತಿದ್ದಾರೆ. ತಾಯಿ ಕಾರ್ಡಿನಲ್ಲಿ ಇದನ್ನು ಎರಡು ಸಾಲು ಅಚ್ಚು ಹಾಕಿಸಲು ಏನು ಕಷ್ಟ? ಹೃದಯಾಘಾತವಾದರೆ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಬಹಳ ಒಳ್ಳೆಯದು. ಕಾಲಿನಲ್ಲಿ ಕಟ್ಟಿದ್ದೂ ಹೆಪ್ಪೇ ಅಲ್ಲವೇ?

ಈಗಲೂ ನಮ್ಮ ಅಲೆದಾಟ ಮುಗಿದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದೆ, ರಕ್ತ ಎಷ್ಟು ತೆಳುವಾಗಿದೆ ಎಂದು ಹೇಳುವ ಐಎನ್‌ಆರ್ 2ರಿಂದ 3ರೊಳಗೆ ಇರಬೇಕು, ಆ ಪರೀಕ್ಷೆ ಇಲ್ಲಿಲ್ಲ. ವಾರಕ್ಕೊಮ್ಮೆ ಕೂಸನ್ನೂ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗಿ ಬರುತ್ತೇವೆ. ನಾಲ್ಕು ಮೆಟ್ಟಿಲು ಹತ್ತಿದರೆ ಇಪ್ಪತ್ತಾರು ವರ್ಷದ ಹುಡುಗಿ ಗೋಡೆ ಹಿಡಿದು ನಿಲ್ಲುತ್ತಾಳೆ.

ಈ ಆಸ್ಪತ್ರೆಯ ಲಿಫ್ಟ್ ಕೆಟ್ಟು ಎಷ್ಟು ಕಾಲವಾಯಿತು? ಹೆರಿಗೆ ವಾರ್ಡಿನ ಶೌಚಾಲಯಕ್ಕೆ ನೀರಿಲ್ಲ ಎಂದು ಹೋದ ವರ್ಷ ಅರ್ಜಿ ಕೊಟ್ಟಿದ್ದೆವು. ಅರ್ಜಿ ತೆಗೆದುಕೊಂಡ ಅಧಿಕಾರಿಗೆ ವರ್ಗವಾಯಿತು, ಹೊಸಬರು ಅರ್ಜಿಯೇ ಇಲ್ಲ ಎಂದರು. 2024ರಲ್ಲಿ ಬಳ್ಳಾರಿಯ ಬಾಣಂತಿಯರು ಸತ್ತಾಗ ಎಲ್ಲರೂ ಓಡಾಡಿದರು. ಅಷ್ಟು ಜೀವ ಹೋದ ಮೇಲೂ ಬಾಣಂತಿ ಕಾಲು ತೋರಿಸಿದರೆ ನೋಡುವವರಿಲ್ಲ.

ಆ ಹೇಳಿಕೆ ಕೊಟ್ಟವರು ಅದನ್ನು ವಾಪಸ್ ತೆಗೆದುಕೊಂಡು ಆ ಮನೆಯವರ ಕ್ಷಮೆ ಕೇಳಬೇಕು. ಸ್ಕ್ಯಾನ್ ಕೋಣೆಗೆ ಖಾಯಂ ಡಾಕ್ಟರನ್ನು ಹಾಕಬೇಕು. ಆಗದಿದ್ದರೆ ಮೊದಲ ದಿನವೇ ದೊಡ್ಡ ಆಸ್ಪತ್ರೆಗೆ ಬರೆದುಕೊಡಬೇಕು. ಜಿಲ್ಲಾಧಿಕಾರಿಗಳು ಇತ್ತ ನೋಡಲಿ, ಆರೋಗ್ಯ ಸಚಿವರೂ ನೋಡಲಿ. ಯಾರಾದರೂ ಬಂದು ಆ ಬೀಗ ತೆಗೆಸಲಿ.

— ಒಬ್ಬ ಬಾಣಂತಿಯ ತಾಯಿ