ಹಸಿಯಾದ ರೊಟ್ಟಿ ಕಾಸಿದ ರಾತ್ರಿ

ಮದುವೆಯಾಗಿ ಇವತ್ತಿಗೆ ಇಪ್ಪತ್ತೆರಡು ದಿನ. ಫೋನ್ ಕೈಗೆತ್ತಿಕೊಂಡರೆ ಇನ್ನೂ ಊಟದ ಮಾತೇ. ಒಬ್ಬರು ಎಣಗಾಯಿಗೆ ಯಾವ ಮಸಾಲೆ ಹಾಕಿದ್ದಿರಿ ಎಂದು ಕೇಳುತ್ತೀರಿ, ಇನ್ನೊಬ್ಬರು ಶೇಂಗಾ ಹೋಳಿಗೆ ಉಳಿದಿದ್ದರೆ ಕಳಿಸು ಎನ್ನುತ್ತೀರಿ. ಪುಣೆಯಿಂದ ಬಂದ ಗೆಳತಿ ಖಡಕ್ ರೊಟ್ಟಿಯನ್ನು ಪಂಜೆಯಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಕೂತ ಫೋಟೋ ಕಳಿಸಿದ್ದಾಳೆ. ಒಬ್ಬೊಬ್ಬರಿಗೂ ಉತ್ತರ ಬರೆಯಲು ಆಗಲಿಲ್ಲ, ಕ್ಷಮಿಸಿ. ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಆ ಊಟ ನಿಮ್ಮ ಪತ್ರಾವಳಿಗೆ ಬಂದದ್ದು ಹೇಗೆ ಎಂಬುದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅದನ್ನು ಹೇಳದೆ ಬರೀ ಧನ್ಯವಾದ ಎಂದರೆ ನನ್ನ ಮನಸ್ಸಿಗೆ ಸಮಾಧಾನವಿಲ್ಲ.

ಹೋದ ವರ್ಷ ಆಗಬೇಕಿದ್ದ ಮದುವೆ ಅವ್ವನ ಸಲುವಾಗಿ ಮುಂದೆ ಹೋಯಿತು ಎಂಬುದು ನಿಮಗೆ ಗೊತ್ತಿರುವುದೇ. ಅವ್ವ ತೀರಿಹೋದ ಮೇಲೆ ಸೋಲಾಪುರದಲ್ಲಿ ದೊಡ್ಡ ಮಂಗಲ ಕಾರ್ಯಾಲಯ ಹಿಡಿದು, ಬ್ಯಾಂಡು ಬಾರಿಸಿ, ಸ್ಟೇಜಿನ ಮೇಲೆ ಮೂರು ತಾಸು ನಿಂತು ಫೋಟೋ ತೆಗೆಸಿಕೊಳ್ಳುವ ಮದುವೆ ನನ್ನಿಂದ ಆಗುವಂತಿರಲಿಲ್ಲ. ಬಂದವರು ಗಡಿಬಿಡಿ ಇಲ್ಲದೆ ಕೂತು ಉಣ್ಣಬೇಕು, ಉಂಡ ಮೇಲೆ ನೆರಳಲ್ಲಿ ಮಾತಾಡುತ್ತ ಕೂರಬೇಕು, ಇಷ್ಟೇ ಬೇಕು ಎಂದೆ. ಆಗ ನಮ್ಮವರು ತಾವು ಆರು ವರ್ಷದಿಂದ ಕೆಲಸ ಮಾಡುತ್ತಿರುವ ವೈನರಿಯ ತೋಟದ ಮಾತು ತೆಗೆದರು. ಮಂಗಳವೇಢೆ ದಾಟಿ ಪಂಢರಪುರದ ಕಡೆಗೆ ಹೋಗುವಾಗ ಸಿಗುವ ಸಣ್ಣ ತೋಟ ಅದು. ಕೊಯ್ಲು ಶುರುವಾಗುವ ಮುಂಚಿನ ಒಂದು ಭಾನುವಾರ ಅಂಗಳ ನಿಮ್ಮದೇ ಎಂದರು ಮಾಲೀಕರು. ಸೋಲಾಪುರದಲ್ಲಿ ಸಂಕ್ರಾಂತಿಗೆ ನಡೆಯುವ ಸಿದ್ಧೇಶ್ವರನ ಗಡ್ಡಾ ಜಾತ್ರೆ ಮುಗಿದಿತ್ತು. ದಿನವೂ ಕೂಡಿಬಂತು.

ಆದರೆ ವೈನ್ ಮಾಡುವ ಜಾಗದಲ್ಲಿ ಅಕ್ಷತೆ? ದೊಡ್ಡಪ್ಪ ಎರಡು ವಾರ ನನ್ನ ಹತ್ತಿರ ಮಾತು ಬಿಟ್ಟರು. ಅವರ ಸಿಟ್ಟು ತಪ್ಪು ಎಂದು ನಾನು ಇವತ್ತಿಗೂ ಅನ್ನುವುದಿಲ್ಲ. ಲಿಂಗ ಕಟ್ಟಿದ ಮನೆ, ಅವರಿಗೆ ಅದು ಸಣ್ಣ ವಿಷಯವಲ್ಲ. ಕೊನೆಗೆ ಅಪ್ಪನೇ ಕೂತು ದಾರಿ ಹುಡುಕಿದರು. ಹಗಲಿನಲ್ಲಿ ಒಂದು ಬಾಟಲಿಯೂ ಹೊರಗೆ ಬರಬಾರದು, ಸಂಜೆ ಹಿರಿಯರ ಗಾಡಿ ಹೊರಟ ಮೇಲೆ ಬೇಕಾದವರು ಒಳಗಿನ ಕೋಣೆಗೆ ಹೋಗಲಿ ಎಂದರು. ದೊಡ್ಡಪ್ಪನನ್ನು ಒಂದು ದಿನ ಮುಂಚೆಯೇ ಕರೆದುಕೊಂಡು ಹೋಗಿ ತೋಟ ತೋರಿಸಿದರು. ಅಲ್ಲಿ ವೈನಿನ ಬಳ್ಳಿಗಳೆಲ್ಲ ಬೇಲಿಯ ಹಾಗೆ ಸಾಲಾಗಿ ನೆಟ್ಟಗೆ ನಿಂತಿವೆ. ಬಾವಿಯ ಪಕ್ಕ ಮಾತ್ರ ಹಳೆಯ ಕಾಲದ ಒಂದು ಹಂದರ ಹಾಗೇ ಉಳಿದಿದೆ. ತಿನ್ನುವ ದ್ರಾಕ್ಷಿಯದು, ಸೋನಾಕಾ. ಈ ತಳಿ ಹುಟ್ಟಿದ್ದು ನಮ್ಮದೇ ಜಿಲ್ಲೆಯ ನಾನ್ನಜದಲ್ಲಿ. ಉದ್ದುದ್ದ ಹಣ್ಣಿನ ಗೊನೆಗಳು ತಲೆಗೆ ತಾಗುವಷ್ಟು ಕೆಳಗೆ ಜೋತಾಡುತ್ತಿದ್ದವು. ಅಪ್ಪ ಅದರ ಕೆಳಗೆ ನಿಂತು, "ಅಣ್ಣಾ, ಬಳ್ಳಿಗೂ ಹಂದರ ಅಂತೀವಿ, ಮದುವಿಗೂ ಹಂದರ ಅಂತೀವಿ. ಇದಕಿಂತ ಬ್ಯಾರೆ ಹಂದರ ಯಾಕ ಬೇಕು?" ಎಂದರಂತೆ. ದೊಡ್ಡಪ್ಪ ತಲೆ ಎತ್ತಿ ಗೊನೆ ನೋಡಿದರು, ಏನೂ ಅನ್ನಲಿಲ್ಲ. ಮರುದಿನ ಎಲ್ಲರಿಗಿಂತ ಮೊದಲು ಬಂದು ಅಕ್ಷತೆಯ ತಾಟು ಹಿಡಿದವರು ಅವರೇ. ದೊಡ್ಡಪ್ಪ, ನಿಮ್ಮ ಕಾಲಿಗೆ ಶರಣು.

ಊಟದ ಪಟ್ಟಿ ಮಾಡಲು ಮೂರು ತಿಂಗಳು ಹಿಡಿದಿದ್ದೇವೆ ಎಂದರೆ ನಂಬಿ. ಅದಕ್ಕೆ ಅಷ್ಟು ಹೊತ್ತು ಕೊಟ್ಟಿದ್ದಕ್ಕೆ ನನಗೆ ಸಂತೋಷವಿದೆ. ಜೋಳ ಮಂಗಳವೇಢೆಯದೇ ಆಗಬೇಕೆಂದು ಹಟ ಹಿಡಿದೆ. ಕರಿ ನೆಲದ ಮಾಲದಂಡಿ ಜೋಳ, 2016ರಲ್ಲಿ ಅದಕ್ಕೆ ಈ ಊರಿನದೇ ಬೆಳೆ ಎನ್ನುವ ಭೌಗೋಳಿಕ ಸೂಚಿಯ (ಜಿಐ) ಮಾನ್ಯತೆಯೂ ಸಿಕ್ಕಿದೆ. ನಮ್ಮೂರಲ್ಲಿ ಅದನ್ನು ಬೀಸಿಸಿ ಒಂಬೈನೂರು ಖಡಕ್ ರೊಟ್ಟಿ ಬಡಿದು ಬುಟ್ಟಿಗಳಲ್ಲಿ ತುಂಬಿಕೊಂಡು ಬಂದೆವು. ನಮ್ಮ ಕಡೆಯ ಕಡಲೆ ಹೋಳಿಗೆ ಮತ್ತು ಕಟ್ಟಿನ ಸಾರು, ಅವರ ಮನೆಯ ಪುರಣ ಪೋಳಿ ಮತ್ತು ಕಟಾಚಿ ಆಮಟಿ. ಹೆಸರು ಎರಡು, ಬೇಳೆ ಬಸಿದ ನೀರು ಒಂದೇ. ಹೀಗಾಗಿ ಪಾತ್ರೆಯ ಮುಂದೆ ಎರಡೂ ಹೆಸರು ಬರೆದಿಟ್ಟೆವು. ಅತ್ತೆ ತಮ್ಮ ಆಮಟಿಗೆ ಹಾಕುವ ಕಾಳಾ ಮಸಾಲೆಯನ್ನು ನನ್ನ ಕೈಯಲ್ಲೇ ಕುಟ್ಟಿಸಿದರು. ಜನವರಿಯಾದ್ದರಿಂದ ಸೀತನಿಯೂ ಸಿಕ್ಕಿತು. ಎಳೆ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ, ಬೆಲ್ಲ ಮತ್ತು ಶೇಂಗಾ ಹಿಂಡಿಯ ಜೊತೆ ಬೊಗಸೆಗೆ ಹಾಕಿದ ಆ ಹುಡುಗರ ಅಂಗೈ ನಾಲ್ಕು ದಿನ ಕೆಂಪಾಗೇ ಇತ್ತಂತೆ.

ಸಂಜೆಯ ಕೋಣೆಯ ಬಗ್ಗೆಯೂ ಕೆಲವರು ಕೇಳಿದ್ದೀರಿ. ನಮ್ಮ ಖಾರದ ಊಟಕ್ಕೆ ಕೆಂಪು ವೈನ್ ಬೇಡ, ಅದರ ಒಗರು ಖಾರವನ್ನು ಇನ್ನೂ ಎಬ್ಬಿಸುತ್ತದೆ, ತುಸು ಸಿಹಿ ಇರುವ ಬಿಳಿ ಶೆನಿನ್ ಬ್ಲಾಂಕ್ ಕೊಡೋಣ ಎಂದು ಆರಿಸಿದವರು ನಮ್ಮವರು. ಆ ಕೋಣೆಗೆ ಕಾಲಿಡದ ನಮ್ಮ ಆಯಿಗೆ, ಅಂದರೆ ಅಜ್ಜಿಗೆ, ಮಾತ್ರ ಹಗಲಿನಲ್ಲೇ ಬೇರೆ ಒಂದು ಅಚ್ಚರಿ ಸಿಕ್ಕಿತು. ವೈನಿಗೆಂದು ಬೆಳೆದ ಕರಿ ದ್ರಾಕ್ಷಿಯ ಒಂದು ಕಾಳನ್ನು ಕಿತ್ತು ಬೆರಳಲ್ಲಿ ಹಿಸುಕಿದರು. ಬಟಾಣಿಯಷ್ಟು ಸಣ್ಣ ಹಣ್ಣು, ದಪ್ಪ ಸಿಪ್ಪೆ, ಒಳಗೆ ಬೀಜ. ರಸ ನೋಡಿದರೆ ನೀರಿನ ಹಾಗೆ ತಿಳಿ. "ಕರೇ ಹಣ್ಣಿನಾಗ ಬಿಳೇ ರಸ!" ಎಂದು ಎಲ್ಲರನ್ನೂ ಕರೆದು ತೋರಿಸಿದರು. ಬಣ್ಣವೆಲ್ಲ ಸಿಪ್ಪೆಯಲ್ಲಿರುತ್ತದೆ, ರಸದ ಜೊತೆ ಸಿಪ್ಪೆಯನ್ನೂ ಹುಳಿಯಲು ಬಿಟ್ಟರೆ ಮಾತ್ರ ಕೆಂಪಾಗುತ್ತದೆ ಎಂದು ನಮ್ಮವರು ವಿವರಿಸಿದಾಗ ಆಯಿ ಎರಡೆರಡು ಸಲ ಕೇಳಿ ತಿಳಿದುಕೊಂಡರು.

ಈ ಪಟ್ಟಿಯ ಜೊತೆ ನಾನೊಂದು ನೇಮ ಇಟ್ಟಿದ್ದೆ. ಅಡಿಗೆ ಮಾಡಿದವರು ಮೊದಲ ಪಂಕ್ತಿಗೆ ಕೂರಬೇಕು. ಅವ್ವ ತನ್ನ ಜೀವಮಾನದಲ್ಲಿ ಯಾವ ಕಾರ್ಯದಲ್ಲೂ ಹೊತ್ತಿಗೆ ಸರಿಯಾಗಿ ಉಂಡಿದ್ದನ್ನು ನಾನು ನೋಡಲಿಲ್ಲ. ತಳ ಹಿಡಿದ ಅನ್ನ, ಮುರಿದ ರೊಟ್ಟಿ, ತಣ್ಣಗಾದ ಸಾರು. ನನ್ನ ಮದುವೆಯಲ್ಲಿ ಯಾರೂ ಹಾಗೆ ಉಣ್ಣಬಾರದು ಎಂದು ಎಲ್ಲರಿಗೂ ಹೇಳಿಟ್ಟಿದ್ದೆ.

ಅಂಗಳ ಬಿಟ್ಟುಕೊಟ್ಟ ಮಾಲೀಕರಿಗೆ, ಎರಡೂ ಭಾಷೆಯಲ್ಲಿ ಲಗ್ನಪತ್ರಿಕೆ ಬರೆದ ಅಕ್ಕಲಕೋಟೆಯ ಗುರುಗಳಿಗೆ, ಗಾಡಿಗಳ ಜವಾಬ್ದಾರಿ ಹೊತ್ತ ಮಾಮಾನಿಗೆ, ಚಾಪೆ ಹಾಸಿದ, ನೀರು ಕೊಟ್ಟ, ಮುದುಕರಿಗೆ ಕುರ್ಚಿ ಹೊತ್ತು ತಂದ ಎಲ್ಲ ತಮ್ಮಂದಿರಿಗೆ, ಹೂವಿನ ಬದಲು ಹಸಿ ಜೋಳದ ತೆನೆಯಿಂದ ಬಾಗಿಲು ಸಿಂಗರಿಸಿದ ಗೆಳತಿಯರಿಗೆ ಮನಸಾರೆ ನಮಸ್ಕಾರ. ಇನ್ನು ಉಳಿದ ಮಾತು ಸಣ್ಣತ್ತಿಯದು.

ಸಣ್ಣತ್ತಿ ಅಂದರೆ ಅಪ್ಪನ ತಂಗಿ. ಮದುವೆಯ ಹಿಂದಿನ ಸಂಜೆ ಒಂದು ಚೀಲದಲ್ಲಿ ಎರಡು ಸೀರೆ, ಇನ್ನೊಂದರಲ್ಲಿ ತನ್ನ ಹಂಚು ಹಿಡಿದು ಬಂದಳು. ಅಡಿಗೆಗೆ ಜನ ಗೊತ್ತುಮಾಡಿದ್ದೇವೆ, ಹಂಚು ಯಾಕೆ ಎಂದರೆ, "ಇರಲಿ, ನಂದು ನನ್ನ ಕಡೆ" ಎಂದಳು.

ರಾತ್ರಿ ಒಂಬತ್ತಕ್ಕೆ ಅಡಿಗೆಯವರ ಫೋನು ಬಂತು. ಬರಲಾಗುವುದಿಲ್ಲ, ಬೇರೆ ಕಡೆ ಸಿಕ್ಕಿಕೊಂಡಿದ್ದೇವೆ, ಬಂದರೂ ನಾಳೆ ಮಧ್ಯಾಹ್ನ ಎಂದರು. ಹತ್ತೂವರೆಗೆ ಮಳೆ. ಜನವರಿಯಲ್ಲಿ, ಗುಡುಗಿನ ಸಮೇತ. ದ್ರಾಕ್ಷಿಯವರಿಗೆ ಕೊಯ್ಲಿನ ಮುಂದೆ ಬರುವ ಅಕಾಲಿಕ ಮಳೆ ಏನು ಎಂಬುದನ್ನು ಅವತ್ತು ಕಣ್ಣಾರೆ ಕಂಡೆ. ಹಣ್ಣು ನೀರು ಕುಡಿದು ಸೀಳುತ್ತದೆ, ಸೀಳಿದ ಕಡೆಯಿಂದ ಕೊಳೆ ಹತ್ತುತ್ತದೆ, ಎಲೆಗೆ ದಾವಣಿ ಎಂಬ ಬೂಜು ರೋಗ ಬೀಳುತ್ತದೆ. ಮೈಗೆ ಅರಿಷಿಣ ಇದ್ದ ಹಾಗೆಯೇ ನಮ್ಮವರು, ಅವರ ಜೊತೆಗಾರರು ಎಲ್ಲ ತೋಟಕ್ಕೆ ಓಡಿದರು. ಮಳೆ ನಿಂತ ಮೇಲೂ ಬೆಳಕು ಹರಿಯುವ ತನಕ ಸಾಲು ಸಾಲಿಗೆ ಹೋಗಿ ಗೊನೆಗಳ ನೀರು ಕೊಡವಿದ್ದಾರೆ. ಅದು ಅವರ ವರ್ಷದ ಅನ್ನ. ಹೋಗಬೇಡಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಇತ್ತ ಅಡಿಗೆಯ ಚಪ್ಪರದ ತಾಡಪತ್ರಿ ಹಾರಿಹೋಗಿತ್ತು. ರೊಟ್ಟಿಯ ಬುಟ್ಟಿಗಳ ಮೇಲೆ ಹೊದಿಸಿದ್ದ ಕೌದಿಗಳು ನೆನೆದಿದ್ದವು. ಒಂದು ರೊಟ್ಟಿ ಎತ್ತಿದೆ. ಹಪ್ಪಳದಂತೆ ಇರಬೇಕಾದದ್ದು ಕೈಯಲ್ಲಿ ಮಡಚಿ ಜೋತುಬಿತ್ತು. ಒಂಬೈನೂರು ರೊಟ್ಟಿ. ನಾನು ಅಲ್ಲೇ ಕೆಸರಲ್ಲಿ ಕೂತುಬಿಟ್ಟೆ. ಪಂಢರಪುರದ ಹೋಟೆಲಿಗೆ ಹೇಳಿ ಏನಾದರೂ ತರಿಸಿ, ನನಗೇನೂ ಬೇಡ, ಈ ಮದುವೆಯೇ ಬೇಡ ಎಂದೆ. ಅವ್ವಾ ಎಂದು ಕೂಗಿದೆ. ಒಂದು ವರ್ಷ ತಡೆದಿಟ್ಟಿದ್ದೆಲ್ಲ ಅವತ್ತು ಹೊರಗೆ ಬಂತು. ಸುತ್ತ ಇದ್ದವರಿಗೆ ಏನು ಮಾಡಬೇಕೋ ತಿಳಿಯಲಿಲ್ಲ.

ಸಣ್ಣತ್ತಿ ನನ್ನನ್ನು ಸಮಾಧಾನ ಮಾಡಲಿಲ್ಲ. ಬುಟ್ಟಿಯ ತಳದ ತನಕ ಕೈಹಾಕಿ ನಾಲ್ಕು ಕಡೆಯಿಂದ ರೊಟ್ಟಿ ತೆಗೆದು, ಮೂಸಿ ನೋಡಿದಳು. "ಹಸಿ ಆಗ್ಯಾವ, ಕೆಟ್ಟಿಲ್ಲ. ಏಳು" ಎಂದಳು.

ಒಣ ಕಟ್ಟಿಗೆ ಎಲ್ಲಿಯೂ ಇರಲಿಲ್ಲ. ಟ್ರ್ಯಾಕ್ಟರ್ ನಿಲ್ಲಿಸುವ ಶೆಡ್ಡಿನ ಮೂಲೆಯಲ್ಲಿ ಅಕ್ಟೋಬರ್ ಚಾಟ್ನಿಯಲ್ಲಿ, ಅಂದರೆ ಬಳ್ಳಿ ಸವರುವಾಗ, ಕತ್ತರಿಸಿದ ಬಳ್ಳಿಯ ಕಡ್ಡಿಗಳು ಹೊರೆಹೊರೆಯಾಗಿ ಬಿದ್ದಿದ್ದನ್ನು ಅವಳೇ ಬ್ಯಾಟರಿ ಹಿಡಿದು ಹುಡುಕಿದಳು. ಇಟ್ಟಿಗೆ ಜೋಡಿಸಿ ಮೂರು ಒಲೆ ಹೂಡಿದಳು. ದ್ರಾಕ್ಷಿ ಕಡ್ಡಿ ಚಟಪಟ ಹತ್ತಿಕೊಂಡು ಬೇಗ ಕೆಂಡವಾಗುತ್ತದೆ. ಒಂದು ರೊಟ್ಟಿಯನ್ನು ಹಂಚಿಗೆ ಹಾಕಿ, ಅರಿವೆಯ ಉಂಡೆಯಿಂದ ಅಂಚು ಒತ್ತಿ, ತಿರುವಿ, ಆಮೇಲೆ ಕೆಂಡದ ಸುತ್ತ ಇಟ್ಟಿಗೆಗೆ ಒರಗಿಸಿ ನಿಲ್ಲಿಸುವುದು. ಅದು ಒಣಗುವಷ್ಟರಲ್ಲಿ ಇನ್ನೊಂದು. ತೆಗೆಯುವ ಮುಂಚೆ ಪ್ರತಿಯೊಂದನ್ನೂ ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಬಡಿಯುತ್ತಿದ್ದಳು. ಮೆತ್ತಗಿದ್ದರೆ ದಪ್ ಎನ್ನುತ್ತದೆ, ಮತ್ತೆ ಕೆಂಡದ ಕಡೆಗೆ. ಟಣ್ ಎಂದರೆ ಬುಟ್ಟಿಗೆ. ಹನ್ನೆರಡರ ಹೊತ್ತಿಗೆ ತೋಟದ ಕೆಲಸದ ಮನೆಗಳಿಂದ ನಾಲ್ಕು ಜನ ಅಕ್ಕಂದಿರು ಸೆರಗು ಬಿಗಿದುಕೊಂಡು ಬಂದರು. ಬದನೆಕಾಯಿ ಸೀಳುವುದು, ಮಡಕಿ ಕಾಳು ಬೇಯಿಸುವುದು ಅವರದು. ಕಾಕಾ ದೊಡ್ಡ ಪಾತ್ರೆಗಳನ್ನು ನೋಡಿಕೊಂಡ. ರೊಟ್ಟಿಯನ್ನು ಮಾತ್ರ ಅತ್ತಿ ಯಾರ ಕೈಗೂ ಬಿಡಲಿಲ್ಲ. ಉಗುರಿನಿಂದ ಬಡಿದು ಕೇಳುವುದನ್ನು ನನಗೆ ಕಲಿಸಿದಳು, ಅಷ್ಟೇ.

ಮೂರರ ಹೊತ್ತಿಗೆ ನಾವಿಬ್ಬರೇ ಉಳಿದೆವು. ಒಲೆ ನೋಡುತ್ತಲೇ ಹೇಳಿದಳು. "ನನ್ನ ಮದುವ್ಯಾಗೂ ಮಳಿ ಬಂದಿತ್ತವ್ವಾ. ನಾ ಒಳಗ ಬಾಸಿಂಗ ಕಟ್ಟಿಸ್ಕೊಂಡು ಕುಂತಿದ್ದೆ. ನಿಮ್ಮವ್ವ, ನಮ್ಮ ಅತ್ತಿಗಿ, ಹೊರಗ ಹೊಗಿಯಾಗ ಇಡೀ ರಾತ್ರಿ ರೊಟ್ಟಿ ಕಾಸಿದ್ಲು. ಮರುದಿನ ನಾ ಗಾಡಿ ಹತ್ತೂ ಮುಂದ ಆಕಿ ಕೈಯಾಗ ಒಂದ್ ಚೂರು ರೊಟ್ಟಿ ನೋಡ್ದೆ. ಅದ ಆಕಿ ಊಟ. ನಾ ಇಳದು ಬಂದು ಉಣ್ಣಸಬೇಕಾಗಿತ್ತು. ಇಳೀಲಿಲ್ಲ." ಆಮೇಲೆ ಬೆಳಕಾಗುವ ತನಕ ಏನೂ ಮಾತಾಡಲಿಲ್ಲ. ಐದಕ್ಕೆ ನನ್ನನ್ನು ಎಬ್ಬಿಸಿ, ಮೈತೊಳೆದುಕೋ ಹೋಗು ಎಂದಳು. ಬುಟ್ಟಿಗಳೆಲ್ಲ ತುಂಬಿದ್ದವು.

ಅಕ್ಷತೆ ಬಿತ್ತು. ಮೊದಲ ಪಂಕ್ತಿ ಹಂದರದ ಕೆಳಗೆ ಕೂತಿತು. ಮೇಲಿನ ಎಲೆಗಳಿಂದ ರಾತ್ರಿಯ ಹನಿ ಇನ್ನೂ ಒಂದೊಂದೇ ಉದುರುತ್ತಿತ್ತು. ಕೆಲಸದ ಮನೆಗಳ ಅಕ್ಕಂದಿರು ಕೂತರು, ಕಾಕಾ ಕೂತ. ನಾನು ಒಬ್ಬೊಬ್ಬರಿಗೂ ತುಪ್ಪ ಬಡಿಸಿದೆ. ಆ ಗದ್ದಲದಲ್ಲಿ ಅಪ್ಪನ ಪಕ್ಕದ ಪತ್ರಾವಳಿ ಖಾಲಿ ಇದ್ದುದನ್ನು ನಾನು ಗಮನಿಸಲಿಲ್ಲ. ಅತ್ತಿ ಶೆಡ್ಡಿನಲ್ಲಿ ಗೋಣಿಚೀಲದ ಮೇಲೆ ನಿದ್ದೆ ಹೋಗಿದ್ದಳು. ಪಾಪ, ಮಲಗಲಿ ಎಂದು ಯಾರೂ ಎಬ್ಬಿಸಿರಲಿಲ್ಲ. ಸಂಜೆ ನಾಲ್ಕಕ್ಕೆ ಹಿರಿಯರ ಗಾಡಿ ಹೊರಡುವಾಗ ನೋಡುತ್ತೇನೆ, ಗಾಡಿಯೊಳಗೆ ಕಿಟಕಿಯ ಪಕ್ಕ ಅತ್ತಿ ನಿಂತೇ ಅರ್ಧ ರೊಟ್ಟಿಗೆ ಹಿಂಡಿ ಹಚ್ಚಿಕೊಂಡು ತಿನ್ನುತ್ತಿದ್ದಾಳೆ. ಮಣಿಕಟ್ಟಿನ ತನಕ ಮಸಿ. ನನ್ನ ಮದುವೆಯಲ್ಲಿ, ನನ್ನ ನೇಮದ ಮದುವೆಯಲ್ಲಿ. ಓಡಿಹೋದೆ. ಗಾಡಿ ಹೊರಟಿತ್ತು.

ಆ ಅರ್ಧ ರೊಟ್ಟಿ ಇಷ್ಟು ದಿನವೂ ಕಣ್ಣ ಮುಂದೆ ಇತ್ತು. ಹೋದ ಸೋಮವಾರ ನಾವಿಬ್ಬರೂ ಅವಳ ಊರಿಗೆ ಹೋದೆವು. ನಾನೇ ರೊಟ್ಟಿ ಬಡಿದೆ, ಎಣಗಾಯಿ ಮಾಡಿದೆ. ತೋಟದಿಂದ ತಂದಿದ್ದ ದ್ರಾಕ್ಷಿ ಕಡ್ಡಿಯ ಒಂದು ಹೊರೆಯನ್ನು ನಮ್ಮವರು ಅಂಗಳದಲ್ಲಿ ಇಳಿಸಿದರು. ಅತ್ತಿ ಮೂರು ಸಲ ನೀರು ತರುತ್ತೇನೆಂದು ಎದ್ದಳು, ಮೂರು ಸಲವೂ ಕೂರಿಸಿದೆವು. ತಾಟಿನ ರೊಟ್ಟಿಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಬಡಿದಳು. ಟಣ್ ಎಂದಿತು. ಮುರಿದು ಉಂಡಳು. ಎರಡನೆಯದನ್ನು ತಾನೇ ಕೇಳಿ ಹಾಕಿಸಿಕೊಂಡಳು.